ಸೋಲಾರ್ ಹಂಡೆಗೂ ಒಂದು ನೀರು ತುಂಬುವ ಹಬ್ಬ

ದೀಪಾವಳಿಯ ತ್ರಯೋದಶಿಯ ಸಂಜೆ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಳಗೆ ಕಟ್ಟಿದ ಸುಣ್ಣವನ್ನು ಕೆರೆದು, ಕೊರಳಿಗೆ ಹಿಂಡಲಿ ಬಳ್ಳಿ ಸುತ್ತಿ ಹೊಸ ನೀರು ತುಂಬುತ್ತಿದ್ದರು. ತಾಮ್ರದ ಹಂಡೆಗಿದ್ದ ಆ ಮರ್ಯಾದೆ ಅದರ ಜಾಗಕ್ಕೆ ಬಂದ ಸೋಲಾರ್ ವಾಟರ್ ಹೀಟರ್‌ಗೆ ಸಿಕ್ಕಿಲ್ಲ. ತಾರಸಿಯ ಮೇಲೆ ಕೂರಿಸಿದ ದಿನ ಕುಂಕುಮ ಹಚ್ಚಿ ಕೆಳಗಿಳಿದವರು ಮತ್ತೆ ಮೆಟ್ಟಿಲು ಹತ್ತುವುದು ಸ್ನಾನಕ್ಕೆ ತಣ್ಣೀರು ಬಂದ ದಿನವೇ. ಆಗಲೂ ಮೊದಲ ಬೈಗುಳ ಮೋಡಕ್ಕೆ.

ಬೆಂಗಳೂರು, ಕೋಲಾರ, ತುಮಕೂರಿನ ಕಡೆ ಮೋಡದ ತಪ್ಪಿಗಿಂತ ಬೋರ್‌ವೆಲ್ ನೀರಿನ ತಪ್ಪೇ ಹೆಚ್ಚು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಕಾರ್ಬೊನೇಟ್ ಆಗಿ ಬೇರ್ಪಟ್ಟು ಕೊಳವೆಯ ಒಳಮೈಗೆ ಕೂರುತ್ತದೆ. ನೀರು 60 ಡಿಗ್ರಿ ಸೆಲ್ಸಿಯಸ್ ದಾಟಿದರಂತೂ ಈ ಕೆಲಸ ಬಲು ಬೇಗ ಆಗುತ್ತದೆ. ನಮ್ಮ ಮನೆಯ ಹಳೆಯ ಪ್ಯಾನೆಲ್ ಬಿಚ್ಚಿಸಿದಾಗ ಅದರ ತಾಮ್ರದ ಕೊಳವೆಯೊಳಗೆ ಪೆನ್ಸಿಲ್ ತೂರುವಷ್ಟು ದಾರಿಯೂ ಉಳಿದಿರಲಿಲ್ಲ. ಏಳು ವರ್ಷ ನಾನು ಮೇಲಿನ ಗಾಜನ್ನಷ್ಟೇ ಶ್ರದ್ಧೆಯಿಂದ ಒರೆಸಿದ್ದೆ.

ಈಗ ನಮ್ಮಲ್ಲಿ ವರ್ಷದ ದೊಡ್ಡ ಶುಚಿಗೆ ದೀಪಾವಳಿಯ ಹಿಂದಿನ ಭಾನುವಾರ ಗೊತ್ತಾಗಿದೆ. ಮಳೆ ಬಹುಪಾಲು ಮುಗಿದಿರುತ್ತದೆ, ಬಿಸಿನೀರು ನಿಜವಾಗಿ ಬೇಕಾಗುವ ಚಳಿ ಇನ್ನೂ ಬಂದಿರುವುದಿಲ್ಲ.

ಮೊದಲು ಕೈ ಮುಟ್ಟಿ ನೋಡಿ

ಶುಚಿಯ ಹಿಂದಿನ ದಿನ, ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಒಮ್ಮೆ ಹತ್ತಿ ನೋಡಬೇಕು. ಮನೆಗಳಲ್ಲಿರುವ ಬಹುತೇಕ ಸೋಲಾರ್‌ಗಳಿಗೆ ಪಂಪ್ ಇರುವುದಿಲ್ಲ. ಕಾದ ನೀರು ಹಗುರಾಗಿ ಟ್ಯಾಂಕಿಗೆ ಏರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಗಾಜಿನ ಚಪ್ಪಟೆ ಪ್ಯಾನೆಲ್ ಇದ್ದರೆ, ಅದರ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವ ಪೈಪಿಗೂ ಟ್ಯಾಂಕಿನಿಂದ ಕೆಳಗೆ ಬರುವ ಪೈಪಿಗೂ ಬೆರಳ ತುದಿ ತಾಗಿಸಿ ಕೂಡಲೇ ತೆಗೆಯಿರಿ. ಮೇಲಿನದು ಸುಡುತ್ತ ಕೆಳಗಿನದು ತಣ್ಣಗಿದ್ದರೆ ನೀರು ಸುತ್ತುತ್ತಿದೆ ಎಂದರ್ಥ. ಪ್ಯಾನೆಲ್ ಕೆಂಡವಾಗಿದ್ದೂ ಟ್ಯಾಂಕಿನ ಬದಿಯ ಪೈಪು ತಣ್ಣಗಿದ್ದರೆ ನಡುವೆ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಸುಣ್ಣ ಕಟ್ಟಿದೆ.

ಟ್ಯಾಂಕಿನಲ್ಲಿ ನೀರು ಸುಡುತ್ತಿದ್ದರೂ ಬಚ್ಚಲಲ್ಲಿ ತಣ್ಣೀರು ಬರುತ್ತಿದೆಯೆ? ಹಾಗಾದರೆ ಸೋಲಾರ್‌ನವರಿಗೆ ಫೋನ್ ಮಾಡಬೇಡಿ. ಬಿಸಿ ತಣ್ಣೀರು ಬೆರೆಸುವ ಮಿಕ್ಸರ್‌ನ ಎರಡೂ ನಲ್ಲಿಗಳನ್ನು ತೆರೆದಿಟ್ಟು ಹ್ಯಾಂಡ್ ಶವರ್‌ನ ಗುಂಡಿಯನ್ನು ಮಾತ್ರ ಮುಚ್ಚಿದರೆ, ತಣ್ಣೀರು ಅಲ್ಲಿಂದಲೇ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಮನೆಯ ಒಂದು ಬಚ್ಚಲಿನಲ್ಲಿ ಹೀಗಾದರೆ ಎಲ್ಲ ನಲ್ಲಿಗಳಲ್ಲೂ ನೀರು ಉಗುರು ಬೆಚ್ಚಗಾಗುತ್ತದೆ. ನಮ್ಮ ಬೀದಿಯಲ್ಲಿ ಎರಡು ಮನೆಯವರು ಇದಕ್ಕಾಗಿ ಪ್ಲಂಬರ್‌ಗೆ ಸುಮ್ಮನೆ ಹಣ ಕೊಟ್ಟಿದ್ದಾರೆ.

ಸೂರ್ಯ ಏರುವ ಮುನ್ನ

ಮರುದಿನದ ಕೆಲಸವೆಲ್ಲ ಬೆಳಗಿನ ಜಾವದ್ದು. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು. ಪ್ಯಾನೆಲ್ ಬದಲು ಗಾಜಿನ ಕೊಳವೆಗಳ ಸಾಲಿರುವ ಟ್ಯೂಬ್ ಮಾದರಿಯಲ್ಲಿ ಇನ್ನೂ ಎಚ್ಚರ ಬೇಕು: ನೀರಿಲ್ಲದ ಖಾಲಿ ಟ್ಯೂಬ್ ಬಿಸಿಲಿಗೆ 200 ಡಿಗ್ರಿ ಮೀರಿ ಕಾಯುತ್ತದೆ. ಮಧ್ಯಾಹ್ನ ಅದಕ್ಕೆ ನೀರು ಬಿಟ್ಟರೆ ಪಟಪಟನೆ ಒಡೆಯುತ್ತದೆ. ಟ್ಯಾಂಕ್ ಯಾವ ಕಾರಣಕ್ಕೆ ಬರಿದಾಗಿದ್ದರೂ ಸಂಜೆಯವರೆಗೆ ಕಾದು, ಗಾಜು ಆರಿದ ಮೇಲೆಯೇ ನೀರು ತುಂಬಿಸಿ.

ಮೊದಲ ಕೆಲಸ, ಟ್ಯಾಂಕಿನೊಳಗಿನ ವಿದ್ಯುತ್ ಹೀಟರ್‌ನ ಎಂಸಿಬಿ ಸ್ವಿಚ್ಚನ್ನು ಕೆಳಗೆ ಒತ್ತಿ ಕರೆಂಟ್ ಕಡಿಯುವುದು. ನೀರಿಲ್ಲದೆ ಉರಿದರೆ ಆ ಕಾಯಿಲ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ತೇವದ ತಾರಸಿಯಲ್ಲಿ ನಿಂತವರ ಜೀವದ ಪ್ರಶ್ನೆಯೂ ಹೌದು. ಆಮೇಲೆ ಗಾಜನ್ನು ಮೆತ್ತನೆಯ ಬಟ್ಟೆ, ಬರೀ ನೀರಿನಿಂದ ತೊಳೆಯಿರಿ. ಹಕ್ಕಿಯ ಹಿಕ್ಕೆ ಒಣಗಿದ್ದರೆ ನೆನೆಸಿ ತೆಗೆಯಬೇಕು, ಕೆರೆಯಬಾರದು. ಅಕ್ಕಪಕ್ಕ ಮನೆ ಕಟ್ಟುತ್ತಿದ್ದರೆ ಗಾಜು ತೊಳೆಯುವುದನ್ನು ಹಬ್ಬಕ್ಕೆ ಬಿಡದೆ ಹದಿನೈದು ದಿನಕ್ಕೊಮ್ಮೆ ಮಾಡಿ. ಹಾಗೆಯೇ ಆ ಮನೆಗೆ ಎಷ್ಟು ಅಂತಸ್ತು ಎಂದೂ ಕೇಳಿಕೊಳ್ಳಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ದಕ್ಷಿಣದ ಮನೆಯವರ ಮೂರನೇ ಮಹಡಿ ನಿಮ್ಮ ಬಿಸಿನೀರಿನ ಪಾಲಿಗೆ ನೆರಳಾಗಿ ಬರುತ್ತದೆ.

ಟ್ಯೂಬ್‌ಗಳ ಕೆಳತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣವಿರುತ್ತದೆ. ಅದು ಬೇರಿಯಂ ಲೇಪ. ಗಾಜಿನ ಎರಡು ಪದರಗಳ ನಡುವಿನ ನಿರ್ವಾತ ಉಳಿದಿರುವವರೆಗೆ ಅದು ಹೊಳೆಯುತ್ತದೆ. ಗಾಳಿ ಹೊಕ್ಕರೆ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳ್ಳಗಾದ ಟ್ಯೂಬ್ ಬಿಸಿ ಹಿಡಿದಿಡುವುದಿಲ್ಲ, ಅದೊಂದನ್ನೇ ಬದಲಿಸಿದರೆ ಸಾಕು. ಇಡೀ ಸೋಲಾರ್ ಬದಲಿಸಬೇಕು ಎನ್ನುವವರ ಮಾತಿಗೆ ಮೊದಲು ಈ ಬಣ್ಣ ನೋಡಿ.

ಸುಣ್ಣದ ಕೆಲಸ

ತಣ್ಣೀರು ಒಳಬರುವ ಗೇಟ್ ವಾಲ್ವ್ ಮುಚ್ಚಿ, ಕೆಳಗಿನ ಡ್ರೈನ್ ತೆರೆಯಿರಿ. ಹಿಂದಿನ ದಿನದ ನೀರು ಇನ್ನೂ ಸುಡುತ್ತಿರಬಹುದು, ಆದ್ದರಿಂದ ರಾತ್ರಿಯೇ ಮನೆಮಂದಿ ಸ್ನಾನ ಮಾಡಿ ಮುಗಿಸಿದರೆ ಒಳ್ಳೆಯದು. ಮೊದಲು ಬರುವ ಮಣ್ಣು ಬಣ್ಣದ ನೀರು, ಹಿಂದೆಯೇ ಉದುರುವ ಬಿಳಿ ಹಕ್ಕಳೆಗಳನ್ನು ಬಕೆಟ್‌ನಲ್ಲಿ ಹಿಡಿದು ನೋಡಿ. ಹಕ್ಕಳೆ ಒಂದು ಹಿಡಿಯಾದರೆ ಇನ್ನು ಮುಂದೆ ಡ್ರೈನ್ ತೆರೆಯುವುದನ್ನು ತಿಂಗಳಿಗೊಮ್ಮೆ ಮಾಡಬೇಕು. ಕಾವೇರಿ ನೀರು ಬರುವ ಮನೆಯಲ್ಲಿ ಇಷ್ಟು ಹಕ್ಕಳೆ ಕಾಣಲಾರದು.

ಗಟ್ಟಿಯಾಗಿ ಕೂತ ಸುಣ್ಣ ನೀರಿಗೆ ಬಗ್ಗುವುದಿಲ್ಲ. ಟ್ಯಾಂಕನ್ನು ಬೇರ್ಪಡಿಸಿ, ಪ್ಯಾನೆಲ್‌ನ ಕೊಳವೆಗಳಲ್ಲಿ ಮಾತ್ರ ತೆಳು ಸಿಟ್ರಿಕ್ ಆಮ್ಲ ಹಾಯಿಸಿ, ಬುರುಗು ನಿಂತ ಮೇಲೆ ಚೆನ್ನಾಗಿ ನೀರು ಹರಿಸಿ ತೊಳೆಯಬೇಕು. ಇದನ್ನು ಬಲ್ಲವರಿಂದ ಮಾಡಿಸಿ, ಪಕ್ಕದಲ್ಲೇ ನಿಂತಿರಿ. ಕೆಲಸ ಬೇಗ ಮುಗಿಸಲು ಕೆಲವರು ಬಚ್ಚಲು ತೊಳೆಯುವ ಹೈಡ್ರೊಕ್ಲೋರಿಕ್ ಆ್ಯಸಿಡ್ಡನ್ನು ನೇರ ಟ್ಯಾಂಕಿಗೇ ಸುರಿಯುತ್ತಾರೆ. ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನು ಸೂಜಿಮೊನೆಯಷ್ಟು ಸಣ್ಣ ತೂತುಗಳಾಗಿ ತಿನ್ನುತ್ತದೆ. ಸುಣ್ಣವೂ ಹೋಗುತ್ತದೆ, ಕೆಲ ತಿಂಗಳಲ್ಲಿ ಟ್ಯಾಂಕೂ ಹೋಗುತ್ತದೆ.

ಟ್ಯಾಂಕ್ ಬರಿದಾಗಿರುವಾಗಲೇ ಆನೋಡ್ ಸರಳನ್ನು ಬಿಚ್ಚಿಸಿ ನೋಡಿ. ಟ್ಯಾಂಕಿನ ಲೋಹವನ್ನು ತಿನ್ನಬೇಕಾದ ನೀರು ಮೊದಲು ಈ ಮೆಗ್ನೀಸಿಯಂ ಸರಳನ್ನು ತಿನ್ನಲಿ ಎಂದು ಇಟ್ಟಿರುತ್ತಾರೆ. ಅಗಿದು ಉಗಿದ ಕಬ್ಬಿನಂತೆ ಸೊರಗಿ ನಡುವಿನ ತಂತಿ ಕಾಣುತ್ತಿದ್ದರೆ ಹೊಸದು ಹಾಕಿಸಿ. ಗಡಸು ನೀರಿನ ಮನೆಯಲ್ಲಿ ಇದನ್ನು ವರ್ಷಕ್ಕೊಮ್ಮೆ ನೋಡಲೇಬೇಕು. ಇದರ ಖರ್ಚಿಗೆ ಹಿಂಜರಿಯುವವರು ಕೊನೆಗೆ ಟ್ಯಾಂಕ್ ಕೊಳ್ಳುತ್ತಾರೆ.

ಇನ್ನು ಏರ್ ವೆಂಟ್. ಟ್ಯಾಂಕಿನ ನೆತ್ತಿಯಿಂದ ತಣ್ಣೀರಿನ ತೊಟ್ಟಿಗಿಂತ ಎತ್ತರಕ್ಕೆ ಹೋಗಿ ಬಾಗಿರುವ ಪೈಪು ಯಾತಕ್ಕೂ ಬಾರದಂತೆ ಕಾಣುತ್ತದೆ. ಕಣಜಗಳಿಗೆ ಮಾತ್ರ ಅದು ಗೂಡು ಕಟ್ಟಲು ಒಳ್ಳೆಯ ಜಾಗ. ಅದರ ಬಾಯಿ ಮುಚ್ಚಿದರೆ ಕಾದ ಆವಿಗೆ ಹೊರದಾರಿಯಿಲ್ಲ, ನೀರು ಇಳಿಯುವಾಗ ಗಾಳಿಗೆ ಒಳದಾರಿಯಿಲ್ಲ. ಒಳಟ್ಯಾಂಕ್ ಒಳಕ್ಕೆ ಸೆಳೆದುಕೊಂಡು ನಜ್ಜುಗುಜ್ಜಾಗುತ್ತದೆ. ತಂತಿಯಿಂದ ಒಮ್ಮೆ ಕೆದಕಿ ನೋಡಿ. ನೀರು ಸೋರುತ್ತದೆಂದು ಬಿರಡೆ ಜಡಿಯುವ ಜಾಣತನ ಬೇಡ. ಪೈಪಿಗೆ ಸುತ್ತಿದ ಕಪ್ಪು ಫೋಮ್ ಅನ್ನು ಅಳಿಲು ಕಿತ್ತಿದ್ದರೆ ಹೊಸದನ್ನು ಸುತ್ತಿ, ಮೇಲೆ ಅಲ್ಯೂಮಿನಿಯಂ ಟೇಪ್ ಹಚ್ಚಿಬಿಡಿ.

ಮತ್ತೆ ತುಂಬಿಸುವಾಗ

ಡ್ರೈನ್ ಮುಚ್ಚಿ, ಬಚ್ಚಲಿನ ಒಂದು ಬಿಸಿನೀರಿನ ನಲ್ಲಿಯನ್ನು ತೆರೆದಿಟ್ಟು, ತಣ್ಣೀರಿನ ವಾಲ್ವನ್ನು ನಿಧಾನವಾಗಿ ಬಿಡಿ. ಒಳಗಿನ ಗಾಳಿ ನಲ್ಲಿಯಿಂದ ಉಸ್ಸೆಂದು, ಆಮೇಲೆ ಕೆಮ್ಮಿದಂತೆ ಹೊರಬರುತ್ತದೆ. ನೀರು ತಡೆಯಿಲ್ಲದೆ ಸುರಿಯತೊಡಗಿದ ಮೇಲೆ ನಲ್ಲಿ ಮುಚ್ಚಿ. ಟ್ಯೂಬ್‌ಗಳ ಬಾಯಿಯ ಸಿಲಿಕೋನ್ ರಿಂಗ್‌ಗಳ ಬಳಿ ಹನಿ ಜಿನುಗುತ್ತಿದೆಯೇ ಎಂದು ಬರಿಗೈಯಲ್ಲಿ ಸವರಿ ನೋಡಿ. ಎಂಸಿಬಿಯನ್ನು ಮೇಲಕ್ಕೆತ್ತುವುದು ಇದೆಲ್ಲ ಮುಗಿದ ಮೇಲೆ, ಅದೂ ಮೋಡ ಕವಿದ ದಿನ ಮಾತ್ರ.

ಬೇಸಿಗೆ ರಜೆಯಲ್ಲಿ ಊರಿಗೆ ಹೊರಟಾಗ ಪ್ಯಾನೆಲ್‌ಗೆ ಟಾರ್ಪಾಲಿನ್ ಹೊದಿಸಿ ಕಟ್ಟಿ ಹೋಗಿ. ಬಳಸುವವರಿಲ್ಲದ ನೀರು ಏಪ್ರಿಲ್ ಬಿಸಿಲಿಗೆ ವಿಪರೀತ ಕಾಯುವುದರಿಂದ ಅದರಲ್ಲಿರುವ ಸುಣ್ಣ ಬೇಗ ಕೂರುತ್ತದೆ. ನಾನು ಹೊದಿಸುವುದು ಹಳೆಯ ಜಮಖಾನ. ಊರಿಂದ ಬಂದ ಸಂಜೆ ಅದನ್ನು ತೆಗೆಯಲು ಮರೆತು, ಮೂರು ದಿನ ತಣ್ಣೀರು ಸ್ನಾನ ಮಾಡಿ, ನಾಲ್ಕನೆಯ ದಿನ ಪ್ಲಂಬರ್‌ಗೆ ಫೋನ್ ಮಾಡಿದ್ದೂ ನಾನೇ.