ಪತಂಗದ ಫೋಟೊ ನೋಡಿ ಹೆಸರು ಹಿಡಿಯುವುದು ಹೇಗೆ?

ಹೂಮಳೆ ಬಿದ್ದ ಮೇಲೆ ಮುಂಗಾರು ಕಟ್ಟಿಕೊಳ್ಳುವವರೆಗೆ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆಗಳ ಜಗಲಿ ದೀಪಕ್ಕೆ ಒಂದೇ ರಾತ್ರಿ ಹತ್ತಾರು ಬಗೆಯ ಪತಂಗಗಳು ಬಂದು ಕೂರುತ್ತವೆ. ಮೊಬೈಲಿನಲ್ಲಿ ಹಿಡಿದಿಡುವುದು ಸುಲಭ, ಮರುದಿನ ಹೆಸರು ಹುಡುಕಲು ಕೂತಾಗ ತಲೆ ಕೆಡುತ್ತದೆ. ನಮ್ಮ ದೇಶದ ಚಿಟ್ಟೆಗಳು ಸಾವಿರದ ಲೆಕ್ಕದಲ್ಲಿ ಮುಗಿದರೆ ಪತಂಗಗಳ ಪ್ರಭೇದ ಹತ್ತು ಸಾವಿರ ದಾಟುತ್ತವೆ. ಇಷ್ಟರ ನಡುವೆ ಹೆಸರು ಸಿಗಬೇಕಾದರೆ ಫೋಟೊದಲ್ಲಿ ಬೇಕಾದ ಅಂಗಗಳು ಕಾಣಲೇಬೇಕು. ಬಹುಪಾಲು ಫೋಟೊಗಳು ಸೋಲುವುದು ಅಲ್ಲೇ.

ದೀಪ, ಪಂಚೆ

ಒಂದು ಬಿಳಿ ಪಂಚೆ ಕಟ್ಟಿ ಎದುರಿಗೆ 160 ವ್ಯಾಟ್‌ನ ಮರ್ಕ್ಯುರಿ ವೇಪರ್ ಬಲ್ಬ್ ತೂಗುಹಾಕಿ. ಇದು ಚೋಕ್ ಬೇಡದ ಬಗೆ. ಮನೆಯ ಎಲ್‌ಇಡಿ ಬಲ್ಬಿನಲ್ಲಿ ಅತಿನೇರಳೆ ಕಿರಣ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೇ ಅಲ್ಲಿಗೆ ಬರುವ ಹುಳುಗಳೂ ಕಡಿಮೆ. ಬಲ್ಬ್ ಸೂರಿನಡಿಯೇ ಇರಲಿ, ಕಾದ ಗಾಜಿನ ಮೇಲೆ ಒಂದು ಹನಿ ಬಿದ್ದರೂ ಒಡೆಯುತ್ತದೆ. ಮಲೆನಾಡಿನಲ್ಲಿ ಕರೆಂಟ್ ಕೈಕೊಡುವುದು ಹೊಸದಲ್ಲ. ಹೋಗಿ ಬಂದ ಮೇಲೆ ಈ ಬಲ್ಬ್ ತಣ್ಣಗಾಗದೆ ಮತ್ತೆ ಹತ್ತುವುದಿಲ್ಲ, ಕೆಟ್ಟಿತೆಂದು ಬಿಚ್ಚಲು ಹೋಗಿ ಕೈ ಸುಟ್ಟುಕೊಳ್ಳಬೇಡಿ. ದೀಪವನ್ನೇ ದಿಟ್ಟಿಸಿ ನೋಡುವುದೂ ಬೇಡ.

ಅಮಾವಾಸ್ಯೆಯ ಆಸುಪಾಸು, ಗಾಳಿಯಿಲ್ಲದ, ಸೆಕೆಯ, ಮೋಡ ಮುಸುಕಿದ ರಾತ್ರಿ ಒಳ್ಳೆಯದು. ಸಂಜೆ ಏಳಕ್ಕೆ ಬರುವ ಹುಳುಗಳೇ ಬೇರೆ, ನಡುರಾತ್ರಿ ಕಳೆದ ಮೇಲೆ ಬರುವುವೇ ಬೇರೆ. ಬೆಳಗಾಗುವ ಮೊದಲು ದೀಪ ಆರಿಸಿ ಪಂಚೆ ಕೊಡವಿಬಿಡಿ, ಇಲ್ಲವಾದರೆ ಕಾಜಾಣ, ಮಡಿವಾಳಗಳಿಗೆ ಪುಕ್ಕಟೆ ಊಟ. ಭದ್ರಾ, ಕುದುರೆಮುಖದಂಥ ರಕ್ಷಿತಾರಣ್ಯದೊಳಗೆ ದೀಪ ಕಟ್ಟಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡಂಚಿನ ತೋಟವಿದ್ದರೆ ಅದೇ ಧಾರಾಳ.

ಒಂದು ಹುಳುವಿಗೆ ನಾಲ್ಕು ಫೋಟೊ

ಮೊದಲನೆಯದು ನೇರ ಮೇಲಿನಿಂದ: ಎರಡೂ ಮುಂರೆಕ್ಕೆ, ತಲೆ, ಮೀಸೆ ಒಂದೇ ಚೌಕಟ್ಟಿನಲ್ಲಿ, ಕ್ಯಾಮೆರಾ ರೆಕ್ಕೆಗೆ ಸಮಾನಾಂತರವಾಗಿ. ವಾರೆಯಾದರೆ ಗೆರೆಗಳ ಬಾಗು ತಪ್ಪಾಗಿ ಕಾಣುತ್ತದೆ. ಎರಡನೆಯದು ಪಕ್ಕದಿಂದ, ಬೆನ್ನ ಮೇಲಿನ ಕುಚ್ಚು ಮತ್ತು ಕಾಲು ಕಾಣುವಂತೆ. ಮೂರನೆಯದು ಮುಖ ಹಾಗೂ ಮೀಸೆ. ನಾಲ್ಕನೆಯದು ಹಿಂರೆಕ್ಕೆ, ಇದೇ ಕಷ್ಟದ್ದು. ಹುಲ್ಲಿನ ಎಸಳಿನಿಂದ ಮೀಸೆಯ ಮುಂದೆ ಮೆಲ್ಲಗೆ ತಾಕಿಸಿದರೆ ಎಷ್ಟೋ ಪತಂಗಗಳು ಮುಂರೆಕ್ಕೆ ಸರಿಸಿ ಹಿಂರೆಕ್ಕೆ ತೋರಿಸುತ್ತವೆ. ಬೆರಳಿನಿಂದ ಹಿಡಿದರೆ ಹುಡಿ ಉದುರಿ ಗುರುತೇ ಅಳಿಸಿಹೋಗುತ್ತದೆ.

ಬಿಳಿ ಬಟ್ಟೆ ಕಂಡ ಕ್ಯಾಮೆರಾ ಚಿತ್ರವನ್ನು ತಾನೇ ಕಪ್ಪಾಗಿಸುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪ್ (ಬೆಳಕಿನ ಅಳತೆಯ ಹಂತ) ಏರಿಸಿ. ಮರ್ಕ್ಯುರಿ ಬೆಳಕಿನಲ್ಲಿ ಕಂದು ಬಣ್ಣವೂ ಹಸಿರಾಗಿ ಕಾಣುವುದರಿಂದ ಫ್ಲ್ಯಾಶ್ ಬಳಸಿ, ಅದರ ಮುಂದೆ ತೆಳು ಬಿಳಿ ಕಾಗದ ಹಿಡಿಯಿರಿ. ಮೊಬೈಲಾದರೆ ಇನ್ನೊಬ್ಬರು ಓರೆಯಿಂದ ಟಾರ್ಚ್ ಹಿಡಿಯಲಿ. ಪಂಚೆಯ ಮೇಲೆ ಪೆನ್ಸಿಲಿನಲ್ಲಿ 5 ಸೆಂ.ಮೀ. ಗೀಟುಗಳನ್ನು ಹಾಕಿಟ್ಟರೆ ಗಾತ್ರದ ಜಗಳ ಮುಗಿಯಿತು. ಅಳೆಯಬೇಕಾದ್ದು ಮುಂರೆಕ್ಕೆಯ ಉದ್ದ. ರೆಕ್ಕೆ ಬಿಚ್ಚಿದಾಗಿನ ಅಗಲ ಕೂರುವ ಭಂಗಿಗೆ ತಕ್ಕಂತೆ ಬದಲಾಗುತ್ತದೆ.

ಮೂಲ ಫೋಟೊ ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊವಾಗಿ ಕಳಿಸಿದರೆ ಅದರೊಳಗಿನ ಸ್ಥಳ, ದಿನಾಂಕದ ಮಾಹಿತಿ ಹೋಗಿಬಿಡುತ್ತದೆ, ಹುಡಿಯ ಸೂಕ್ಷ್ಮವೂ ಮಸುಕಾಗುತ್ತದೆ.

ಮೊದಲು ಕುಟುಂಬ

ಬಣ್ಣದಿಂದ ಶುರು ಮಾಡಿದರೆ ದಾರಿ ತಪ್ಪುತ್ತೀರಿ. ಕೂತ ಭಂಗಿ ನೋಡಿ. ನಾಲ್ಕೂ ರೆಕ್ಕೆ ಹರಡಿ ಗೋಡೆಗೆ ಒತ್ತಿಕೊಂಡಿದ್ದರೆ ಜಿಯೊಮೆಟ್ರಿಡೆ ಎಂಬ ಕುಟುಂಬದ್ದಿರಬಹುದು. ಜೆಟ್ ವಿಮಾನದಂತೆ ಚೂಪು ರೆಕ್ಕೆ ಹಿಂದಕ್ಕೆಳೆದು, ದಪ್ಪ ಹೊಟ್ಟೆಯೊಂದಿಗೆ ಕೂತಿದ್ದರೆ ಸ್ಫಿಂಜಿಡೆ. ತ್ರಿಕೋನಾಕಾರ, ಮುಂದಕ್ಕೆ ಚಾಚಿದ ಮೂತಿ, ದಾರದಂಥ ಉದ್ದ ಮೀಸೆ ಇದ್ದರೆ ಕ್ರ್ಯಾಂಬಿಡೆ. ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕಡ್ಡಿ ಕಡ್ಡಿಯಾಗಿದ್ದರೆ ಟೆರೊಫೊರಿಡೆ. ತಪ್ಪಿಸುವವೂ ಇವೆ: ಮೈಕ್ರೋನಿಯಾ ಅಕ್ಯುಲಿಯೇಟಾ ಎಂಬ ಪತಂಗ ಬೆಳ್ಳಗೆ, ಚಪ್ಪಟೆಯಾಗಿ ಜಿಯೊಮೆಟ್ರಿಡೆಯಂತೆಯೇ ಕೂರುತ್ತದೆ, ಆದರೆ ಹಿಂರೆಕ್ಕೆಯ ಪುಟ್ಟ ಬಾಲ ಮತ್ತು ಅಲ್ಲಿನ ಕಪ್ಪು ಚುಕ್ಕೆ ನೋಡಿದರೆ ಅದು ಯುರೇನಿಡೆ.

ಆಮೇಲೆ ಮುಂರೆಕ್ಕೆಯ ಅಡ್ಡಗೆರೆಗಳು. ಬುಡದ ಕಡೆಯ ಗೆರೆ, ಅಂಚಿನ ಕಡೆಯ ಗೆರೆ, ಇವೆರಡರ ನಡುವಿನ ದುಂಡು ಮಚ್ಚೆ ಮತ್ತು ಹುರುಳಿಕಾಳಿನಾಕಾರದ ಮಚ್ಚೆ. ಗೆರೆ ನೇರವೋ, ಗರಗಸದ ಹಲ್ಲಿನಂತೋ, ಎಲ್ಲಿ ಮುರಿಯುತ್ತದೆ ಎಂಬುದನ್ನು ಬರೆದುಕೊಂಡು ಹೋಲಿಸಿ. ಬಣ್ಣ ಮಾಸುತ್ತದೆ, ಗೆರೆಯ ದಾರಿ ಅಷ್ಟು ಬೇಗ ಬದಲಾಗದು.

ಕಿತ್ತಳೆ ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುವ ಯೂಡೊಸಿಮಾ ಕುಲದ ಪತಂಗಗಳನ್ನೇ ತೆಗೆದುಕೊಳ್ಳಿ. ಕಾಫಿ ತೋಟದ ನಡುವೆ ಕಿತ್ತಳೆ ಬೆಳೆಯುವವರಿಗೆ ಇವು ಬೇಡವಾದ ನೆಂಟರು: ಚುಚ್ಚಿದ ಜಾಗ ಕೊಳೆತು ಹಣ್ಣು ಉದುರುತ್ತದೆ. ರೆಕ್ಕೆ ಮುಚ್ಚಿ ಕೂತರೆ ಒಣಗೆಲೆಯೇ. ಯೂಡೊಸಿಮಾ ಫ್ಯಾಲೋನಿಯಾದ ಗಂಡು ಹೆಣ್ಣುಗಳ ಮುಂರೆಕ್ಕೆಯೂ ಬೇರೆ ಬೇರೆ, ಹೆಣ್ಣಿನದ್ದು ಹೆಚ್ಚು ಮಚ್ಚೆ ಮಚ್ಚೆ. ಅಸಲಿ ಗುರುತು ಅಡಗಿರುವುದು ಕಿತ್ತಳೆ ಬಣ್ಣದ ಹಿಂರೆಕ್ಕೆಯಲ್ಲಿ. ನಡುವೆ ದುಂಡನೆಯ ಕಪ್ಪು ಬೊಟ್ಟಿದ್ದರೆ ಯೂಡೊಸಿಮಾ ಮಟರ್ನಾ. ಬಾಗಿದ ಅಲ್ಪವಿರಾಮದಂಥ ಕಪ್ಪು ಗುರುತಿದ್ದರೆ ಫ್ಯಾಲೋನಿಯಾ ಅಥವಾ ಅದರ ಹತ್ತಿರದ ಸಂಬಂಧಿ. ಆ ನಾಲ್ಕನೇ ಫೋಟೊ ಇಲ್ಲದಿದ್ದರೆ ಯೂಡೊಸಿಮಾ ಎಂದಷ್ಟೇ ಬರೆಯಬೇಕು.

ಆ್ಯಪ್ ಹೇಳಿದ್ದು

ಐನ್ಯಾಚುರಲಿಸ್ಟ್‌ನಂಥ ಆ್ಯಪ್ ಸೂಚಿಸುವ ಮೊದಲ ಹೆಸರು ಊಹೆ ಅಷ್ಟೇ. ಯಾವುದರ ಫೋಟೊ ಹೆಚ್ಚು ಸಿಕ್ಕಿದೆಯೋ ಅತ್ತ ಅದು ವಾಲುತ್ತದೆ. ಅಟ್ಲಾಸ್ ಪತಂಗಕ್ಕೆ ಅಟಾಕಸ್ ಅಟ್ಲಾಸ್ ಎಂಬ ಹೆಸರು ಬಂದೀತು, ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದನ್ನು ಈಗ ಅಟಾಕಸ್ ಟ್ಯಾಪ್ರೊಬಾನಿಸ್ ಎನ್ನುತ್ತಾರೆ. ಸೂಚಿಸಿದ ಪ್ರಭೇದ ಎಲ್ಲೆಲ್ಲಿ ದಾಖಲಾಗಿದೆ ಎಂದು ನಕ್ಷೆ ನೋಡಿ. ಬೋರ್ನಿಯೊದ ಫೋಟೊಗೆ ಹೋಲಿಸುವ ಮುಂಚೆ ಕೇರಳ, ಕೊಡಗು, ಶ್ರೀಲಂಕಾದ ಫೋಟೊಗಳಿಗೆ ಹೋಲಿಸಿ.

ಹುಡಿ ಉದುರಿದ ಮುದಿ ಪತಂಗವನ್ನು ಹೊಸ ಪ್ರಭೇದವೆಂದು ಸಂಭ್ರಮಿಸುವವರು ಕಡಿಮೆಯೇನಿಲ್ಲ. ಅಂಚು ಹರಿದು, ಬೆನ್ನು ಬೋಳಾಗಿದ್ದರೆ ಕುಟುಂಬದ ಹೆಸರಿಗೇ ನಿಲ್ಲಿಸುವುದು ಮರ್ಯಾದೆ.

ಫೋಟೊ ಎಷ್ಟೇ ಚೆನ್ನಾಗಿದ್ದರೂ ಬಗೆಹರಿಯದವು ಇವೆ. ಏಲಕ್ಕಿ ಬೆಳೆಗಾರರಿಗೆ ಗೊತ್ತಿರುವ ಕಾಂಡ ಮತ್ತು ಕಾಯಿಕೊರಕದ ಪತಂಗ ಹಳದಿ, ಮೈತುಂಬ ಕಪ್ಪು ಚುಕ್ಕೆ. ಬಹಳ ಕಾಲ ಅದಕ್ಕೂ ಹರಳು ಗಿಡ ಕೊರೆಯುವುದಕ್ಕೂ ಕೊನೊಗೆಥಿಸ್ ಪಂಕ್ಟಿಫೆರಾಲಿಸ್ ಎಂಬ ಒಂದೇ ಹೆಸರಿತ್ತು. ಏಲಕ್ಕಿ, ಶುಂಠಿಯದನ್ನು 2018ರಲ್ಲಿ ಬೇರ್ಪಡಿಸಿ ಕೊನೊಗೆಥಿಸ್ ಸಹ್ಯಾದ್ರಿಯೆನ್ಸಿಸ್ ಎಂದು ಹೆಸರಿಟ್ಟರು. ದೀಪಕ್ಕೆ ಬಂದದ್ದರ ಫೋಟೊ ಮಾತ್ರ ಇದ್ದರೆ ಕೊನೊಗೆಥಿಸ್ ಎಂದು ಬರೆದು ಬಿಡಿ. ಏಲಕ್ಕಿ ಕಾಂಡದೊಳಗಿನ ಹುಳುವನ್ನೇ ಡಬ್ಬಿಯಲ್ಲಿ ಸಾಕಿ ಪತಂಗ ಹೊರಬಂದಿದ್ದರೆ, ಗಿಡದ ಹೆಸರು, ಕಾಂಡದ ರಂಧ್ರದ ಫೋಟೊ, ಪತಂಗ ಹೊರಬಂದ ದಿನಾಂಕ ಮೂರನ್ನೂ ದಾಖಲೆಗೆ ಸೇರಿಸಿ. ಆಗ ಪೂರ್ತಿ ಹೆಸರು ಬರೆಯಲು ಆಧಾರ ಸಿಗುತ್ತದೆ.