ಕಡುಬು ತಿನ್ನಬೇಕಾ? ಮೊದಲು ಹಿಟ್ಟಿನ ಮಿಲ್‌ಗೆ ಹೋಗಿ

ತಿಂಗಳಲ್ಲಿ ಇಪ್ಪತ್ತು ದಿನ ನನಗೆ ಓಮ್ನಿ ವ್ಯಾನೇ ಮನೆ. ಕಾಫಿ ತೋಟಗಳಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ), ಮೋಟರ್, ಸ್ಪ್ರೇಯರ್ ರಿಪೇರಿ ಮಾಡುವುದು ನನ್ನ ಕೆಲಸ. ಹಾಸನದಿಂದ ಹೊರಟು ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಬೇಲೂರು ಅಂತ ಸುತ್ತಿ ವಾಪಸ್ ಬರುವಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ. ಮೊದಮೊದಲು ಹೈವೇ ಬದಿಯ ಪರೋಟ, ಗೋಬಿ, ಎಲ್ಲಾ ಕಡೆ ಅದೇ ಕೆಂಪು ಗ್ರೇವಿ ತಿಂದು ನಾಲಿಗೆಯೇ ಕೆಟ್ಟುಹೋಗಿತ್ತು. ಕಡುಬಿನ ಸೀಮೆಯಲ್ಲಿ ಓಡಾಡಿಕೊಂಡು ಕಡುಬೇ ಸಿಗಲ್ಲ ಅಂದರೆ ಬೇಜಾರಾಗುತ್ತೆ ಅಲ್ವಾ? ನಿಧಾನಕ್ಕೆ ಒಂದು ವಿಷಯ ಗೊತ್ತಾಯಿತು. ಇಲ್ಲಿನ ಒಳ್ಳೆ ಊಟ ಹೋಟೆಲ್ ಬೋರ್ಡಿನಲ್ಲಿ ಬರೆದಿರುವುದಿಲ್ಲ, ಯಾರದೋ ಅಡುಗೆಮನೆಯಲ್ಲಿ ಇರುತ್ತದೆ. ವಿಚಾರಿಸಬೇಕು, ಮುಂಚೆಯೇ ಹೇಳಿಡಬೇಕು.

ಮೊದಲು ದಿಕ್ಕು ನೋಡಿಕೊಳ್ಳಿ

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಅಂದರೆ ಬಯಲುಸೀಮೆ, ರಾಗಿಯ ಜಾಗ. ಅಲ್ಲಿ ಮುದ್ದೆ, ಬಸ್ಸಾರು, ಉಪ್ಸಾರು, ಹುರುಳಿಕಾಳಿನ ಸಾರು ಕೇಳಿ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಅಷ್ಟೇ, ಆದರೆ ಅಷ್ಟರೊಳಗೆ ತಟ್ಟೆಯಲ್ಲಿ ಇರುವುದೇ ಬದಲಾಗುತ್ತದೆ. ಅಕ್ಕಿ ರೊಟ್ಟಿ, ಕಡುಬು, ಒತ್ತು ಶಾವಿಗೆ ಶುರು. ಇನ್ನೂ ಮುಂದೆ ಚಾರ್ಮಾಡಿ ಘಾಟಿಯ ತಲೆ ಮೇಲಿರುವ ಕೊಟ್ಟಿಗೆಹಾರಕ್ಕೆ ಹೋದರೆ ನೀರುದೋಸೆ. ಮೂಡಿಗೆರೆಯಲ್ಲಿ ಮುದ್ದೆ ಸಿಗಲ್ಲ ಅಂತಲ್ಲ, ಆದರೆ ಆ ಊರಿನವರು ದಿನಾ ಮನೆಯಲ್ಲಿ ಮಾಡುವುದನ್ನು ಕೇಳಿದರೆ ರುಚಿ ಕೈಕೊಡುವುದಿಲ್ಲ.

ಯಾರನ್ನು ಕೇಳಬೇಕು?

ಲಾಡ್ಜ್ ಹುಡುಗರನ್ನು ಕೇಳಿದರೆ ತಮಗೆ ಪರಿಚಯದ ಹೋಟೆಲ್ ತೋರಿಸುತ್ತಾರೆ. ನಾನು ಹೋಗುವುದು ಹಿಟ್ಟಿನ ಮಿಲ್‌ಗೆ. ಕಡುಬಿಗೆ ಅಕ್ಕಿಯನ್ನು ನುಣ್ಣಗೆ ಬೀಸಿಸಿದರೆ ಆಗಲ್ಲ, ತರಿ ಆಗಬೇಕು. ಹಾಗಾಗಿ ವಾರಕ್ಕೆ ಎರಡು ಸಲ ಹತ್ತು ಹದಿನೈದು ಕೆಜಿ ತರಿ ಹಾಕಿಸಿಕೊಂಡು ಹೋಗುವವರು ಯಾರು ಅಂತ ಮಿಲ್‌ನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಷ್ಟು ತರಿ ಒಂದು ಮನೆಗೆ ಬೇಕಾಗಲ್ಲ. ಅದು ಒಂದೋ ಮೆಸ್, ಇಲ್ಲಾ ಆರ್ಡರ್ ಮೇಲೆ ಅಡುಗೆ ಮಾಡಿಕೊಡುವವರು. ಸಾರಿನ ಪುಡಿಯೂ ಅಷ್ಟೇ. ಹುರಿದ ಮೆಣಸಿನಕಾಯಿ, ಕೊತ್ತಂಬರಿ ಬೀಜ ಡಬ್ಬಗಟ್ಟಲೆ ತಂದು ಪುಡಿ ಮಾಡಿಸುವ ಮೆಸ್ಸಿನಲ್ಲಿ ಊಟ ಚೆನ್ನಾಗಿರುತ್ತದೆ, ಪ್ಯಾಕೆಟ್ ಪುಡಿ ಹಾಕುವಲ್ಲಿ ಆ ಘಮ ಬರುವುದಿಲ್ಲ. ಮಿಲ್ ಬಾಗಿಲು ಹಾಕಿದ್ದರೆ ಬಸ್ ಕಂಡಕ್ಟರ್, ಗ್ಯಾರೇಜಿನವರು, ತಾಲ್ಲೂಕು ಆಫೀಸ್ ಎದುರು ಜೆರಾಕ್ಸ್ ಅಂಗಡಿಯವರು ಇದ್ದಾರೆ. ಆದರೆ "ಇಲ್ಲಿ ಒಳ್ಳೆ ಹೋಟೆಲ್ ಯಾವುದು" ಅಂತ ಕೇಳಬೇಡಿ. "ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಾ" ಅಂತ ಕೇಳಿ.

ಹಿಂದಿನ ದಿನವೇ ಹೇಳಿ

ಹೀಗೆ ಕೇಳಿಕೊಂಡೇ ಮೂಡಿಗೆರೆ ಕಡೆ ಒಂದು ಮನೆ ಮೆಸ್ ಸಿಕ್ಕಿತು. ನಾಲ್ಕೇ ಟೇಬಲ್. ನಾನು ಮೊದಲ ದಿನ ಸುಮ್ನೆ ಹೋಗಿ ಕಡುಬು ಕೇಳಿದೆ, ಅನ್ನ ಸಾರು ಬಡಿಸಿದರು. ಆಮೇಲೆ ಫೋನ್ ನಂಬರ್ ತೆಗೆದುಕೊಂಡು ಬಂದೆ. ಮುಂದಿನ ಸಲ ಹಿಂದಿನ ರಾತ್ರಿಯೇ, "ಅಕ್ಕಾ, ನಾಳೆ ಇಬ್ಬರಿಗೆ ಕಡುಬು, ನಾಟಿ ಕೋಳಿ ಸಾರು ಆಗುತ್ತಾ?" ಅಂದೆ. "ಆಗುತ್ತೆ, ಒಂದು ಗಂಟೆ ಒಳಗೆ ಬಂದ್ಬಿಡಿ ಅಣ್ಣ" ಅಂದರು.

ಹೋದಾಗ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಉಪ್ಪು ಹಾಕಿ ಕುದಿಸಿದ ನೀರಿಗೆ ತರಿ ಸುರಿದು ಗಟ್ಟಿಯಾಗುವವರೆಗೆ ತಿರುವಿದ್ದರು. ಕೈ ತಣ್ಣೀರಿಗೆ ಅದ್ದಿ, ಇನ್ನೂ ಹೊಗೆಯಾಡುವ ಹಿಟ್ಟನ್ನು ಅಂಗೈಯಲ್ಲಿ ಎರಡೇ ಸುತ್ತು ತಿರುಗಿಸಿದರೆ ಉಂಡೆ. ಒತ್ತಿ ಕಟ್ಟಿದರೆ ಕಲ್ಲಾಗುತ್ತೆ, ಸಡಿಲ ಬಿಟ್ಟರೆ ಹಬೆಗೆ ಒಡೆಯುತ್ತೆ ಅಂದರು. ಹಬೆ ಪಾತ್ರೆಯ ಮುಚ್ಚಳ ತೆಗೆದಾಗ ಅಕ್ಕಿಯ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಬಿಸಿ ಕಡುಬು ಮುರಿದು ಸಾರಿಗೆ ಅದ್ದಿ ತಿಂದ ಆ ಮಧ್ಯಾಹ್ನದಿಂದ ನಾನು ಆ ರಸ್ತೆಯಲ್ಲಿ ಹೋದಾಗಲೆಲ್ಲಾ ಅಲ್ಲೇ ಊಟ.

ನಾಟಿ ಕೋಳಿ ಬೇಯಲು ಫಾರಂ ಕೋಳಿಗಿಂತ ಜಾಸ್ತಿ ಹೊತ್ತು ಬೇಕು. ಹೋಗಿ ಕೂತು ಕಾಲು ಗಂಟೆಯಲ್ಲಿ ನಾಟಿ ಕೋಳಿ ಸಾರು ಬಂದರೆ, ಮೊದಲೇ ಬೇಯಿಸಿಟ್ಟಿದ್ದಾರಾ ಅಥವಾ ಅದು ಫಾರಂ ಕೋಳಿಯಾ ಅಂತ ಕೇಳಲು ನಾಚಿಕೆ ಬೇಡ.

ಕಾಲ ನೋಡಿ ಕೇಳಿ

ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ. ಮುಂಗಾರಿಗೆ ಹಾಸನದ ಸುತ್ತ ಬಿತ್ತುವ ಆಲೂಗಡ್ಡೆ ಮಳೆ ಹಿಂದಾಗುವ ಹೊತ್ತಿಗೆ ಮಾರ್ಕೆಟ್‌ಗೆ ಬರುತ್ತದೆ. ಜೂನ್‌ನಿಂದ ಮಳೆ ಹಿಡಿದರೆ ಕೆಸುವಿನ ಎಲೆಯ ಪತ್ರೊಡೆ, ಮತ್ತೆ ಕಳಲೆ.

ಕಳಲೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಳೆ ಬಿದಿರು ಹಸಿಯಾಗಿದ್ದಾಗ ಅದರಲ್ಲಿ ಸಯನೈಡ್ ಆಗುವ ಅಂಶ ಇರುತ್ತದೆ, ಕಹಿಯೂ ಇರುತ್ತದೆ. ಮಲೆನಾಡಿನ ಮನೆಗಳಲ್ಲಿ ಹೆಚ್ಚಿ, ದಿನಾ ನೀರು ಬದಲಿಸಿ, ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸುತ್ತಾರೆ. ನಾನೊಮ್ಮೆ ಅವಸರದಲ್ಲಿ ಒಂದೇ ರಾತ್ರಿ ನೆನೆಸಿ ವ್ಯಾನಿನ ಸ್ಟೋವ್‌ನಲ್ಲಿ ಪಲ್ಯ ಮಾಡಿದೆ. ಬಾಯಿ ಕಹಿ, ಮಾರನೆ ದಿನವಿಡೀ ಹೊಟ್ಟೆನೋವು. ಈಗ ಮುಚ್ಚಳ ಇರುವ ಬಕೆಟ್ ಇಟ್ಟುಕೊಂಡಿದ್ದೇನೆ. ಸಂತೆಯಲ್ಲಿ ಕೊಂಡ ದಿನದಿಂದ ಎಣಿಸಿ, ಬೆಳಿಗ್ಗೆ ಎದ್ದ ತಕ್ಷಣ ನೀರು ಬದಲಿಸುತ್ತೇನೆ. ಸಂತೆ ಯಾವ ದಿನ ಅಂತ ಆಯಾ ಊರಲ್ಲಿ ವಿಚಾರಿಸಿ, ಊರಿಗೊಂದು ದಿನ ಇರುತ್ತದೆ. ನೀವೇ ಕಾಡಿಗೆ ನುಗ್ಗಿ ಕಳಲೆ ಮುರಿಯಲು ಹೋಗಬೇಡಿ. ಸಕಲೇಶಪುರ, ಆಲೂರು ಕಡೆ ಆನೆ ಓಡಾಟ ಇದೆ. ಕಾಡಿನ ಅಣಬೆಯನ್ನಂತೂ ಗುರುತು ಹಿಡಿಯಲು ಬರುವ ಊರಿನವರು ಅಡುಗೆ ಮಾಡಿ ಬಡಿಸಿದರೆ ಮಾತ್ರ ತಿನ್ನಿ.

ಸಿಗದೇ ಇರುವುದನ್ನು ಒಯ್ಯಿರಿ

ನಮ್ಮಮ್ಮನ ಸಾರಿನ ಪುಡಿ ಯಾವ ಊರಲ್ಲೂ ಸಿಗಲ್ಲ. ಹುಚ್ಚೆಳ್ಳು ಚಟ್ನಿಪುಡಿಯೂ ಘಟ್ಟದ ಕಡೆ ಅಪರೂಪ. ಇವೆರಡು, ಎರಡು ಕೆಜಿ ರಾಗಿ ಹಿಟ್ಟು, ಒಂದು ಬಾಟಲಿ ಉಪ್ಪಿನಕಾಯಿ, ಇಷ್ಟೇ ನನ್ನ ಸಾಮಾನು. ಮಳೆಗಾಲದಲ್ಲಿ ಪುಡಿಗೆ ಬೇಗ ತೇವ ಹಿಡಿಯುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿ, ದಿನ ಬಳಕೆಗೆ ಸಣ್ಣ ಡಬ್ಬಿಗೆ ಬೇರೆ ತೆಗೆದಿಡಿ. ಒದ್ದೆ ಚಮಚ ಹಾಕಲೇಬೇಡಿ.

ಕಾಫಿಪುಡಿ ಮಾತ್ರ ಮನೆಯಿಂದ ತರಬೇಡಿ. ಚಿಕ್ಕಮಗಳೂರು ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್ (ಇದು ಆ ಜಾಗದ್ದೇ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕಿದೆ, ಅದು ಬೆಳೆಯುವ ಜಾಗದಲ್ಲೇ ಇದ್ದೀರಿ. ಕಣ್ಣೆದುರು ಬೀಜ ಪುಡಿ ಮಾಡಿಕೊಡುವ ಅಂಗಡಿಯಲ್ಲಿ 100 ಗ್ರಾಂ ಮಾತ್ರ ತೆಗೆದುಕೊಳ್ಳಿ, ಮುಗಿದ ಮೇಲೆ ಮತ್ತೆ ಕೊಳ್ಳಿ. ಚಿಕೋರಿ ಎಷ್ಟು ಅಂತ ಕೇಳಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು ಅನ್ನುವುದು ನಿಯಮ. ಅಂದರೆ ಹತ್ತಿರ ಹತ್ತಿರ ಅರ್ಧ ಚಿಕೋರಿ ಇದ್ದರೂ ನಿಯಮ ಮುರಿದಂತಾಗಲ್ಲ. ನಾನು 80ಕ್ಕೆ 20 ಹಾಕಿಸುತ್ತೇನೆ. ಹಾಲು ಹಾಕದೆ ಕುಡಿಯುವವರು ಚಿಕೋರಿ ಇಲ್ಲದ್ದೇ ಕೇಳಿ.

ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್ ಸದಾ ವ್ಯಾನಿನಲ್ಲಿ ಇರಲಿ. ತೋಟದಲ್ಲಿ ಕೆಲಸ ಮುಗಿಯುವುದು ತಡವಾದರೆ, ಆ ಕಡೆ ಹೋಗುವ ಜೀಪಿನವರ ಕೈಲಿ ಕ್ಯಾರಿಯರ್ ಕಳಿಸಿ ಊಟ ತರಿಸಬಹುದು. ಬರಲು ಆಗುವುದೇ ಇಲ್ಲ ಅಂದರೆ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ ಹೇಳಿ. ಎಂಟು ಗಂಟೆ ಮೇಲೆ ಫೋನ್ ಮಾಡಿದರೆ ಅಷ್ಟರಲ್ಲಿ ಕೋಳಿ ಕುಯ್ದಾಗಿರುತ್ತದೆ, ಆಗ ಹೋಗದೇ ಇದ್ದರೂ ದುಡ್ಡು ಕಳಿಸಿಬಿಡಿ.