ಭೇಜಾ, ಖೀಮಾ, ಚೊರಿಸ್: ಒಳಗಿರುವ ಟಾಕ್ಸೊಪ್ಲಾಸ್ಮಾ ಸಾಯುವಂತೆ ಬೇಯಿಸುವುದು ಹೇಗೆ?

ಮಟನ್ ನಾಲ್ಕು ಸಲ ತೊಳೆದರೆ ಸಾಕು ಅಂತ ಮುಂಬೈಯ ನಮ್ಮ ಕನ್ನಡ ಮನೆಗಳಲ್ಲಿ ಬಹಳ ಜನ ನಂಬಿದ್ದಾರೆ. ತೊಳೆದರೆ ರಕ್ತ ಹೋಗುತ್ತದೆ, ಟಾಕ್ಸೊಪ್ಲಾಸ್ಮಾ ಹೋಗುವುದಿಲ್ಲ. ಅದು ಕೂತಿರುವುದು ಮಾಂಸದ ಒಳಗೆ.

ಇದು ಒಂದೇ ಜೀವಕೋಶದ ಪರಾವಲಂಬಿ. ಮೊಟ್ಟೆಯಂಥ ರೂಪದಲ್ಲಿ ಹೊರಬರುವುದು ಬೆಕ್ಕಿನ ಜಾತಿಯ ಮಲದಲ್ಲಿ ಮಾತ್ರ. ಹುಲ್ಲು, ಮಣ್ಣು, ನೀರಿನ ಮೂಲಕ ಆಡು, ಕುರಿ, ಹಂದಿಯ ಹೊಟ್ಟೆ ಸೇರಿ, ಅಲ್ಲಿಂದ ಮೈಗೆ ಹರಡಿ, ಸಣ್ಣ ಚೀಲ ಕಟ್ಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಚೀಲ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗವನ್ನೂ ದಾಟುವುದಿಲ್ಲ. ಕಟುಕನ ಕಣ್ಣಿಗೂ ಕಾಣದು.

ಮೊದಲು, ಏನು ತಂದಿದ್ದೀರಿ ನೋಡಿ. ಆಡು, ಕುರಿಯಲ್ಲಿ ಈ ಚೀಲಗಳು ಮೆದುಳು, ಹೃದಯ, ಸ್ನಾಯುಗಳಲ್ಲಿ ಸಿಗುತ್ತವೆ. ಹಂದಿಯಲ್ಲಿ ಇವುಗಳ ಜೊತೆ ನಾಲಿಗೆಯಲ್ಲೂ. ದನ, ಎಮ್ಮೆಯ ಮಾಂಸದಲ್ಲಿ ಅಪರೂಪ. ಕೋಳಿಗಳಲ್ಲಿ ಮಣ್ಣು ಕೆದಕಿ ತಿನ್ನುವ ನಾಟಿ ಕೋಳಿಗೇ ಸೋಂಕು ಜಾಸ್ತಿ.

ಹೆಚ್ಚುವಾಗ ಮಾಂಸಕ್ಕೊಂದು ಹಲಗೆ, ಕೋಸಂಬರಿಯ ಸೌತೆಕಾಯಿಗೆ ಬೇರೆ ಹಲಗೆ. ಕೈ, ಚಾಕು ಸೋಪಿನಲ್ಲಿ ತೊಳೆಯಿರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿದೆ: ಕಬಾಬಿಗೆ ಕಲೆಸಿದ ಹಸಿ ಖೀಮಾವನ್ನು ಉಪ್ಪು ನೋಡಲು ನಾಲಿಗೆಗೆ ಹಚ್ಚುವುದು. ಚಿಟಿಕೆಯಷ್ಟು ತವಾದಲ್ಲಿ ಹುರಿದು ರುಚಿ ನೋಡಿದರೆ ಆಗಲ್ವಾ?

ಬೇಯಿಸುವುದೇ ಮುಖ್ಯ ಕೆಲಸ. ಮಾಂಸದ ನಟ್ಟನಡುವೆ 67 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪರಾವಲಂಬಿ ಸಾಯುತ್ತದೆ. ಖೀಮಾಗೆ 71 ಡಿಗ್ರಿ ಇರಲಿ. ಕುಕ್ಕರ್‌ನಲ್ಲಿ ಮೆತ್ತಗೆ ಬೆಂದ ಸುಕ್ಕಾ, ಸಾರಿನ ಬಗ್ಗೆ ಚಿಂತೆ ಬೇಡ. ಕಷ್ಟ ಇರುವುದು ಭೇಜಾ (ಮೆದುಳು) ಫ್ರೈಯಲ್ಲಿ. ಮೇಲೆ ಕೆಂಪಾಗಿದ್ದರೂ ನಡುವೆ ಹಸಿ ಉಳಿಯುತ್ತದೆ. ಅದಕ್ಕೇ ಮೊದಲು ಅರಿಶಿನ, ಉಪ್ಪು ಹಾಕಿದ ನೀರಿನಲ್ಲಿ ಕುದಿಸಿ. ಒಂದು ತುಂಡು ಕತ್ತರಿಸಿದಾಗ ಒಳಗೂ ಬೆಳ್ಳಗೆ, ಗಟ್ಟಿಯಾಗಿ ಕಂಡರೆ ತವಾಕ್ಕೆ ಹಾಕಿ. ಮೈಕ್ರೋವೇವ್ ನಂಬಬೇಡಿ, ಶಾಖ ಒಂದೇ ಸಮ ತಾಗುವುದಿಲ್ಲ.

ಗೋವಾದಿಂದ ಚೊರಿಸ್, ಅಂದರೆ ಹಂದಿ ಮಾಂಸದ ಸಾಸೇಜ್ ಸರ ತಂದಿದ್ದೀರಾ? ಉಪ್ಪು, ವಿನೆಗರ್ ಹಾಕಿ ಒಣಗಿಸಿದ್ದು ಅಂತ ಹಾಗೇ ತಿನ್ನಬೇಡಿ, ಚೆನ್ನಾಗಿ ಬೇಯಿಸಿ. ಹಂದಿಯ ಹೃದಯ, ನಾಲಿಗೆ ಬೀಳುವ ಸೊರ್ಪೊತೆಲ್ ಎಂಬ ಗೋವಾದ ಪದಾರ್ಥಕ್ಕೆ ಆ ಭಯವಿಲ್ಲ. ಅದನ್ನು ಬೇಯಿಸಿ, ಹುರಿದು, ಮತ್ತೆ ಕುದಿಸುತ್ತಾರೆ.

ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಕೆಲವು ದಿನ ಇಟ್ಟರೆ ಅಪಾಯ ಬಹಳ ಇಳಿಯುತ್ತದೆ. ಮನೆಯ ಫ್ರಿಜ್ ಅಷ್ಟು ತಣ್ಣಗಿರುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಹಾಗಾಗಿ ಆಮೇಲೂ ಬೇಯಿಸಲೇಬೇಕು.

ಆರೋಗ್ಯವಂತರಿಗೆ ಈ ಸೋಂಕು ತಗುಲಿದ್ದೇ ಹೆಚ್ಚಾಗಿ ಗೊತ್ತಾಗುವುದಿಲ್ಲ. ಆದರೆ ಗರ್ಭಿಣಿಗೆ ಮೊದಲ ಸಲ ತಗುಲಿದರೆ ಮಗುವಿನ ಕಣ್ಣು, ಮೆದುಳಿಗೆ ಪೆಟ್ಟಾಗಬಹುದು. ಮನೆಯಲ್ಲಿ ಗರ್ಭಿಣಿ ಇದ್ದರೆ ಹಸಿ ಮಾಂಸದ ಕೆಲಸ ಬೇರೆಯವರು ಮಾಡಲಿ. ಸಾಕಿದ ಬೆಕ್ಕನ್ನು ಓಡಿಸಬೇಕಿಲ್ಲ. ಅದರ ಮಲ ಸೋಂಕು ಹರಡುವಂತಾಗಲು ಕನಿಷ್ಠ ಒಂದು ದಿನ ಬೇಕು. ಬೆಕ್ಕಿನ ಟ್ರೇಯನ್ನು ದಿನಾ ತೆಗೆದು ತೊಳೆಯುವ ಕೆಲಸ ಗಂಡನಿಗೆ ವಹಿಸಿ.